ಜನರ ಹಣ, ಜನರ ಚಿತ್ರ: ಸರ್ಕಾರಿ ಛಾಯಾಚಿತ್ರಗಳು ಮತ್ತು ಸಾರ್ವಜನಿಕ ಸ್ವತ್ತಿನ ಹೊಣೆ



ಕನ್ನಡದಲ್ಲಿ ಪುಸ್ತಕ ಮಾಡುವವರಿಗೆಲ್ಲ ಒಂದು ಹಂತದಲ್ಲಿ ಚಿತ್ರ ಬೇಕಾಗುತ್ತದೆ. ಬರಹ ಮುಗಿದು ಕರಡು ತಿದ್ದಿಯಾದ ಮೇಲೆ ಚಿತ್ರದ ಹುಡುಕಾಟ ಶುರುವಾಗುತ್ತದೆ. ಗಣಕದ ಪರದೆಯ ಮೇಲೆ ಕ್ಷಣದಲ್ಲಿ ನೂರಾರು ಚಿತ್ರಗಳು ಬಂದು ನಿಲ್ಲುತ್ತವೆ. ಒಂದನ್ನು ಇಳಿಸಿಕೊಂಡು, ಅದರಡಿ 'ಚಿತ್ರಕೃಪೆ: ಅಂತರ್ಜಾಲ' ಎಂದು ಅಚ್ಚು ಹಾಕಿ, ಋಣ ತೀರಿತೆಂದು ಸಮಾಧಾನಪಡುತ್ತೇವೆ. ಆದರೆ ಅಂತರ್ಜಾಲ ಆ ಚಿತ್ರ ಬಂದ ದಾರಿಯೇ ಹೊರತು ಅದರ ಒಡೆಯನಲ್ಲ. ತೆಗೆದವರು ಯಾರು, ತೆಗೆಸಿದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ, ಅದರಲ್ಲಿರುವವರು ಯಾರು ಎಂಬ ಐದೂ ಪ್ರಶ್ನೆಗಳನ್ನು ಆ ಎರಡು ಪದಗಳು ಮುಚ್ಚಿಬಿಡುತ್ತವೆ.

ಈ ಅಭ್ಯಾಸಕ್ಕೆ ಕಾರಣ ಕೇಳಿದರೆ, ಹಣ ಕೊಟ್ಟು ಚಿತ್ರ ಕೊಳ್ಳುವ ಶಕ್ತಿ ಸಣ್ಣ ಪ್ರಕಾಶಕರಿಗಿಲ್ಲ ಎಂಬ ಉತ್ತರ ಬರುತ್ತದೆ. ಉತ್ತರ ನಿಜವಾದದ್ದೇ. ಆದರೆ ಕದಿಯದೆ, ಕೊಳ್ಳದೆ, ಯಾರ ಅನುಮತಿಗೂ ಕಾಯದೆ ಬಳಸಬಹುದಾದ ಲಕ್ಷಾಂತರ ಒಳ್ಳೆಯ ಛಾಯಾಚಿತ್ರಗಳು ಜಗತ್ತಿನಲ್ಲಿವೆ. ಅವುಗಳಲ್ಲಿ ದೊಡ್ಡ ಪಾಲು ಸರ್ಕಾರಗಳು ತೆಗೆಸಿದ್ದು. ಆ ಭಂಡಾರದ ಹಿಂದಿರುವ ತತ್ತ್ವವೇನು, ಅದರೊಳಗೆ ದಾರಿ ಕಂಡುಕೊಳ್ಳುವುದು ಹೇಗೆ, ಬಳಸುವವನ ಹೊಣೆ ಯಾವುದು ಎಂಬ ಮೂರು ಮಾತುಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಮೂರಕ್ಕೂ ಆಧಾರವಾದ ನನ್ನ ನಂಬಿಕೆ ಒಂದೇ. ಜನರ ಹಣದಿಂದ ಹುಟ್ಟಿದ ಚಿತ್ರ ಜನರಿಗೆ ಸೇರಬೇಕು. ಜನರಿಗೆ ಸೇರಿದ್ದನ್ನು ಬಳಸುವವನು ಅದರ ಮೂಲವನ್ನೂ ಮಾನವನ್ನೂ ಕಾಯಬೇಕು.

ಒಂದು ಚಿತ್ರ, ಮೂರು ಹಕ್ಕುಗಳು

ಒಂದು ಛಾಯಾಚಿತ್ರದಲ್ಲಿ ಮೂರು ಹಕ್ಕುಗಳು ಹೆಣೆದುಕೊಂಡಿರುತ್ತವೆ. ಮೊದಲನೆಯದು ವಸ್ತುವಿನ ಹಕ್ಕು. ನೆಗೆಟಿವ್, ಗಾಜಿನ ಫಲಕ, ಮುದ್ರಿಸಿದ ಕಾಗದ ಯಾವುದೋ ಪತ್ರಾಗಾರದ್ದೋ ಮನೆತನದ್ದೋ ಆಗಿರಬಹುದು. ಎರಡನೆಯದು ಪ್ರತಿ ಮಾಡುವ, ಪ್ರಕಟಿಸುವ, ಮಾರ್ಪಡಿಸುವ ಹಕ್ಕು. ನಾವು ಹಕ್ಕುಸ್ವಾಮ್ಯ ಎನ್ನುವುದು ಇದನ್ನೇ. ಮೂರನೆಯದು ಚಿತ್ರದಲ್ಲಿ ಕಾಣುವ ಮನುಷ್ಯನ ಹಕ್ಕು: ಅವನ ಮುಖ, ಅವನ ಖಾಸಗಿತನ, ಅವನ ಮರ್ಯಾದೆ. 'ಸಾರ್ವಜನಿಕ ಸ್ವತ್ತು' ಎಂದಾಗ ಬಿಡುಗಡೆಯಾಗುವುದು ಎರಡನೆಯದು ಮಾತ್ರ. ಒಂದನೆಯದೂ ಮೂರನೆಯದೂ ಇದ್ದಲ್ಲೇ ಇರುತ್ತವೆ. ಈ ವಿಷಯದ ಗೊಂದಲಗಳಲ್ಲಿ ಮುಕ್ಕಾಲು ಪಾಲು ಈ ಮೂರನ್ನು ಬೇರ್ಪಡಿಸಿ ನೋಡದೆ ಹುಟ್ಟಿದವು.

ಕೃತಿಯೊಂದು ಸಾರ್ವಜನಿಕ ಸ್ವತ್ತಾಗಲು ಮೂರು ದಾರಿಗಳಿವೆ. ಕಾನೂನು ಅದಕ್ಕೆ ಹಕ್ಕುಸ್ವಾಮ್ಯವನ್ನೇ ಕೊಡದಿರಬಹುದು. ಕೊಟ್ಟಿದ್ದರ ಅವಧಿ ತೀರಿರಬಹುದು. ಒಡೆಯನೇ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರಬಹುದು. ಮುಕ್ತ ಪರವಾನಗಿ ಎಂಬುದು ಇವುಗಳಿಂದ ಬೇರೆ. ಅಲ್ಲಿ ಒಡೆಯ ಇರುತ್ತಾನೆ. ಹೆಸರು ಹೇಳಿ ಬಳಸಿ, ಬದಲಾಯಿಸಿದ್ದರೆ ಹಾಗೆಂದು ತಿಳಿಸಿ ಎಂಬಂಥ ಷರತ್ತು ಹಾಕಿ ಬಾಗಿಲು ತೆರೆದಿರುತ್ತಾನೆ. ಷರತ್ತು ಮೀರಿದರೆ ಬಾಗಿಲು ಮುಚ್ಚುತ್ತದೆ. 'ಉಚಿತ' ಎಂಬ ಒಂದೇ ಪದದಲ್ಲಿ ಇವೆಲ್ಲವನ್ನೂ ಕಟ್ಟಿಹಾಕುವುದು ಅಪಾಯಕರ.

ನಮ್ಮ ಊರ ಕೆರೆಯ ವ್ಯವಸ್ಥೆಯನ್ನು ನೆನೆದರೆ ಇದು ತಿಳಿಯಾಗುತ್ತದೆ. ಕೆರೆ ಊರಿನದು, ನೀರಿಗೆ ಬೆಲೆಯಿಲ್ಲ. ಹಾಗೆಂದು ತೂಬನ್ನು ಕಂಡಕಂಡವರು ಎತ್ತುವಂತಿಲ್ಲ. ಯಾವ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ನೋಡಿಕೊಳ್ಳಲು ನೀರಗಂಟಿ ಇದ್ದ. ಹೂಳು ತುಂಬಿದಾಗ ಊರೇ ಇಳಿದು ಎತ್ತುತ್ತಿತ್ತು. ಎಲ್ಲರದ್ದಾದ ವಸ್ತು ಉಳಿಯುವುದು ಎಲ್ಲರೂ ಅದನ್ನು ತಮ್ಮದೆಂದು ಕಾದಾಗ. ಚಿತ್ರಭಂಡಾರಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿ ನೀರಗಂಟಿಯ ಕೆಲಸ ಪತ್ರಾಗಾರದ ಗ್ರಂಥಪಾಲಕರದು. ಹೂಳು ಎತ್ತುವ ಕೆಲಸ ನಮ್ಮೆಲ್ಲರದು.

ಅಮೆರಿಕದಲ್ಲಿ ಈ ತತ್ತ್ವ ಕಾನೂನಾದ ಬಗೆ

ಸರ್ಕಾರದ ಕೃತಿಗೆ ಹಕ್ಕುಸ್ವಾಮ್ಯವೇ ಇಲ್ಲ ಎಂಬ ನಿಲುವನ್ನು ಅತ್ಯಂತ ಸ್ಪಷ್ಟವಾಗಿ ತಳೆದ ದೇಶ ಅಮೆರಿಕ ಸಂಯುಕ್ತ ಸಂಸ್ಥಾನ. ಬೇರು ನ್ಯಾಯಾಲಯದಲ್ಲಿದೆ. 1834ರ ವೀಟನ್ ಮತ್ತು ಪೀಟರ್ಸ್ ನಡುವಿನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತನ್ನ ತೀರ್ಪುಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಇರಲಾರದೆಂದು ಹೇಳಿತು. ಪ್ರಜೆ ಪಾಲಿಸಬೇಕಾದ ಕಾನೂನಿನ ಮಾತು ಒಬ್ಬನ ಸರಕಾಗಬಾರದೆಂಬುದು ಅದರ ತಿರುಳು. 1895ರ ಮುದ್ರಣ ಕಾಯಿದೆ ಈ ವಿವೇಕವನ್ನು ಸರ್ಕಾರಿ ಪ್ರಕಟಣೆಗಳಿಗೆ ಚಾಚಿತು. 1909ರ ಹಕ್ಕುಸ್ವಾಮ್ಯ ಕಾಯಿದೆ ಅದನ್ನು ಉಳಿಸಿಕೊಂಡಿತು. 1976ರ ಕಾಯಿದೆಯ 105ನೇ ಕಲಮು ಇಂದಿಗೂ ಅದರ ನೆಲೆ.

ಆ ಕಲಮಿನ ಎಲ್ಲೆಗಳನ್ನು ಗಮನಿಸಬೇಕು. ಒಕ್ಕೂಟ ಸರ್ಕಾರದ ನೌಕರ ತನ್ನ ಕರ್ತವ್ಯದ ಭಾಗವಾಗಿ ಮಾಡಿದ ಕೃತಿಗೆ ಮಾತ್ರ ಅದು ಅನ್ವಯಿಸುತ್ತದೆ. ಅದೇ ನೌಕರ ರಜೆಯ ದಿನ ತನ್ನ ಸಂತೋಷಕ್ಕೆ ತೆಗೆದ ಚಿತ್ರ ಅವನದೇ. ರಾಜ್ಯ ಸರ್ಕಾರಗಳ, ನಗರಸಭೆಗಳ ಚಿತ್ರಗಳಿಗೆ ಆ ಕಲಮು ಸಲ್ಲದು. ಗುತ್ತಿಗೆ ಪಡೆದ ಛಾಯಾಗ್ರಾಹಕನ ಕೃತಿ ಒಪ್ಪಂದದ ಮಾತನ್ನು ಅವಲಂಬಿಸಿದೆ. ಬೇರೆಯವರ ಹಕ್ಕು ಸರ್ಕಾರಕ್ಕೆ ವರ್ಗವಾಗಿ ಬಂದಿದ್ದರೆ ಅದನ್ನು ಸರ್ಕಾರ ಇಟ್ಟುಕೊಳ್ಳಬಹುದು. ಅಂಚೆ ಇಲಾಖೆಯೂ ಇದಕ್ಕೆ ಹೊರತು. 1978ರಿಂದೀಚಿನ ಅಂಚೆಚೀಟಿಗಳ ಚಿತ್ರಗಳಿಗೆ ಹಕ್ಕುಸ್ವಾಮ್ಯವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಸರ್ಕಾರಿ ಜಾಲತಾಣದಲ್ಲಿ ಕಂಡದ್ದೆಲ್ಲ ಸರ್ಕಾರದ ಕೃತಿಯಲ್ಲ. ಖಾಸಗಿ ಛಾಯಾಗ್ರಾಹಕರಿಂದ ಎರವಲು ತಂದ ಚಿತ್ರಗಳೂ ಅಲ್ಲಿರುತ್ತವೆ. ವಿಳಾಸ ನೋಡಿ ಹಕ್ಕು ತೀರ್ಮಾನಿಸಬಾರದು. ಚಿತ್ರದ ಚರಿತ್ರೆ ನೋಡಿ ತೀರ್ಮಾನಿಸಬೇಕು.

ಬವಣೆಯ ಕಾಲದ ಚಿತ್ರಕೋಶ

ಈ ತತ್ತ್ವದ ಫಲವನ್ನು ನೋಡಲು ಅಮೆರಿಕದ 1930ರ ದಶಕಕ್ಕೆ ಹೋಗೋಣ. ಮಹಾ ಆರ್ಥಿಕ ಕುಸಿತ, ಅದರ ಮೇಲೆ ಬರ ಮತ್ತು ದೂಳುಗಾಳಿ. ಲಕ್ಷಾಂತರ ರೈತರು ನೆಲ ಬಿಟ್ಟು ಗುಳೆ ಹೋದರು. ಅವರ ನೆರವಿಗೆಂದು 1935ರಲ್ಲಿ ಪುನರ್ವಸತಿ ಆಡಳಿತ ಸ್ಥಾಪನೆಯಾಗಿ, 1937ರಲ್ಲಿ ಅದು ಕೃಷಿ ಭದ್ರತಾ ಆಡಳಿತವಾಯಿತು. ಅದರೊಳಗಿನ ಚಿಕ್ಕ ವಿಭಾಗವೊಂದರ ಮುಖ್ಯಸ್ಥ ರಾಯ್ ಸ್ಟ್ರೈಕರ್, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ್ದವರು. ಇಲಾಖೆಯ ಯೋಜನೆಗಳ ಅಗತ್ಯವನ್ನು ಜನರಿಗೆ ಮನಗಾಣಿಸಲು ಚಿತ್ರ ತೆಗೆಸುವುದು ಅವರ ಕೆಲಸ. ಡೊರೊಥಿಯಾ ಲ್ಯಾಂಗ್, ವಾಕರ್ ಎವಾನ್ಸ್, ಆರ್ಥರ್ ರಾಥ್‌ಸ್ಟೀನ್, ರಸೆಲ್ ಲೀ, ಮೇರಿಯನ್ ಪೋಸ್ಟ್ ವುಲ್ಕಾಟ್, ಜ್ಯಾಕ್ ಡೆಲಾನೊ, ಗಾರ್ಡನ್ ಪಾರ್ಕ್ಸ್ ಮೊದಲಾದವರು ಅವರ ಕೈಕೆಳಗೆ ದೇಶದ ಉದ್ದಗಲ ತಿರುಗಿದರು. ಯಾವ ಸೀಮೆಗೆ ಹೋಗುತ್ತೀರೋ ಅಲ್ಲಿನ ಬೆಳೆ, ಭೂಗೋಳ, ಚರಿತ್ರೆ ಓದಿಕೊಂಡು ಹೋಗಿ ಎಂಬುದು ಸ್ಟ್ರೈಕರ್ ಹಾಕಿದ ಕಟ್ಟಳೆ. 1942ರಲ್ಲಿ ಈ ವಿಭಾಗ ಯುದ್ಧ ಮಾಹಿತಿ ಕಚೇರಿಗೆ ಸೇರಿತು. ಸಂಗ್ರಹ 1944ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಯಿತು. ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳು, 1,600ರಷ್ಟು ಬಣ್ಣದ ಚಿತ್ರಗಳು ಇಂದು ಅಲ್ಲಿ ಜಗತ್ತಿನ ಎಲ್ಲರಿಗೂ ತೆರೆದಿವೆ.

ಒಂದು ಸರ್ಕಾರ ತನ್ನ ಕಾಲದ ಬಡತನವನ್ನು ಇಷ್ಟು ವಿಸ್ತಾರವಾಗಿ ದಾಖಲಿಸಿದ್ದು ಅಪರೂಪ. ಆ ದಾಖಲೆಗೆ ಬೆಲೆಯ ಬೇಲಿ ಹಾಕದಿದ್ದುದು ಅದಕ್ಕಿಂತ ದೊಡ್ಡ ನಿರ್ಧಾರ. ಶಾಲೆಯ ಪಠ್ಯ, ಸಂಶೋಧನಾ ಗ್ರಂಥ, ಸಾಕ್ಷ್ಯಚಿತ್ರ, ಪತ್ರಿಕೆಯ ಲೇಖನ ಎಲ್ಲೆಡೆಯೂ ಆ ಚಿತ್ರಗಳು ಹರಡಿದವು. ಆ ದಶಕವನ್ನು ಜಗತ್ತು ಇಂದಿಗೂ ಆ ಚಿತ್ರಗಳ ಮೂಲಕವೇ ಕಾಣುತ್ತಿದೆ.

ಈ ಭಂಡಾರ ದೋಷಮುಕ್ತವೆಂದು ನಾನು ಹೇಳುತ್ತಿಲ್ಲ. ತಮಗೆ ಬೇಡವೆನಿಸಿದ ಎಷ್ಟೋ ನೆಗೆಟಿವ್‌ಗಳಿಗೆ ಸ್ಟ್ರೈಕರ್ ತೂತು ಹೊಡೆಸಿದರು. ಮುಖದ ಮೇಲೋ ಬಯಲಿನ ಮೇಲೋ ಕಪ್ಪು ವೃತ್ತ ಬಿದ್ದ ಆ ಚಿತ್ರಗಳೂ ಸಂಗ್ರಹದಲ್ಲಿವೆ. ಸರ್ಕಾರಿ ಚಿತ್ರವೆಂದರೆ ನಿಷ್ಪಕ್ಷಪಾತದ ಕನ್ನಡಿಯೆಂದು ತಿಳಿಯಬಾರದು ಎಂಬುದಕ್ಕೆ ಅವೇ ಸಾಕ್ಷಿ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂದು ಯಾರೋ ಆರಿಸಿದ್ದಾರೆ. ಹಕ್ಕು ಮುಕ್ತವಾಗಿದ್ದಾಗ ಮಾತ್ರ ಆ ಆಯ್ಕೆಯನ್ನೂ ನಾವು ಪ್ರಶ್ನಿಸಬಹುದು. ತೂತು ಬಿದ್ದ ಚಿತ್ರವನ್ನು ಅಚ್ಚು ಹಾಕಿ ತೋರಿಸಬಹುದು.

ಈ ಸಂಗ್ರಹದ ಅತ್ಯಂತ ಪ್ರಸಿದ್ಧ ಚಿತ್ರವೇ ನಮ್ಮ ಮೂರನೆಯ ಹಕ್ಕಿನ ಪಾಠವನ್ನೂ ಹೇಳುತ್ತದೆ. 1936ರ ಮೊದಲ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ಹೆಗಲಿಗೆ ಮುಖ ಮರೆಸಿಕೊಂಡ ಎರಡು ಮಕ್ಕಳು, ಮಡಿಲಲ್ಲಿ ಹಸುಗೂಸು, ದೂರದಲ್ಲೆಲ್ಲೋ ನೆಟ್ಟ ಕಣ್ಣು. ಟಿಪ್ಪಣಿಯಲ್ಲಿ ಆಕೆಯ ವಯಸ್ಸು 32 ಎಂದೂ ಏಳು ಮಕ್ಕಳ ತಾಯಿಯೆಂದೂ ಇದೆ, ಹೆಸರಿಲ್ಲ. 'ವಲಸೆ ತಾಯಿ' ಎಂದೇ ಚಿತ್ರ ಲೋಕಪ್ರಸಿದ್ಧವಾಯಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ, ನಾಲ್ಕು ದಶಕಗಳ ಮೇಲೆ. ಆ ಚಿತ್ರದಿಂದ ತನಗೆ ಕಾಸೂ ದಕ್ಕಲಿಲ್ಲವೆಂಬ ನೋವು ಆಕೆಗಿತ್ತು. ಚಿತ್ರದ ಬಗ್ಗೆ ಪ್ರಚಾರದಲ್ಲಿದ್ದ ಕೆಲವು ವಿವರಗಳು ತಪ್ಪೆಂದೂ ಕುಟುಂಬ ಹೇಳಿತು. ಚಿತ್ರ ಎಲ್ಲರದ್ದಾಯಿತು, ಬದುಕು ಮಾತ್ರ ಆಕೆಯದೇ ಆಗಿತ್ತು. ಹಕ್ಕುಸ್ವಾಮ್ಯ ಇಲ್ಲದ ಚಿತ್ರದಲ್ಲೂ ಒಬ್ಬ ಮನುಷ್ಯ ಇದ್ದಾನೆ ಎಂಬುದನ್ನು ಇದಕ್ಕಿಂತ ಬಲವಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

ಆಕಾಶದಿಂದ ಕಂಡ ನೆಲ

ಎರಡನೆಯ ಉದಾಹರಣೆ ಬಾಹ್ಯಾಕಾಶದ್ದು. 1968ರ ಡಿಸೆಂಬರ್ 24ರಂದು ಅಪೊಲೊ 8 ನೌಕೆ ಚಂದ್ರನನ್ನು ಸುತ್ತುತ್ತಿದ್ದಾಗ ಬಿಲ್ ಆ್ಯಂಡರ್ಸ್ ಚಂದ್ರನ ಅಂಚಿನಲ್ಲಿ ಮೇಲೇರುವ ಭೂಮಿಯ ಚಿತ್ರ ತೆಗೆದರು. 1972ರ ಡಿಸೆಂಬರ್ 7ರಂದು ಅಪೊಲೊ 17ರ ಯಾತ್ರಿಗಳು ಪೂರ್ಣ ಬೆಳಕಿನಲ್ಲಿ ಭೂಗೋಳವನ್ನು ಸೆರೆಹಿಡಿದರು. ಈ ಎರಡು ಚಿತ್ರಗಳು ಪರಿಸರ ಚಿಂತನೆಯ ಮುಖಪುಟಗಳಾದವು. ನಾಸಾದ ನೌಕರರು ಕರ್ತವ್ಯದಲ್ಲಿದ್ದಾಗ ತೆಗೆದದ್ದರಿಂದ ಅವಕ್ಕೆ ಹಕ್ಕುಸ್ವಾಮ್ಯವಿಲ್ಲ. ಕನ್ನಡದ ವಿಜ್ಞಾನ ಪುಸ್ತಕವೂ ಅವನ್ನು ನ್ಯೂಯಾರ್ಕಿನ ಪತ್ರಿಕೆಯಷ್ಟೇ ಅಧಿಕಾರದಿಂದ ಅಚ್ಚು ಹಾಕಬಹುದು. ಆದರೆ ಅನುಮತಿಯಿಲ್ಲದೆ ನಾಸಾದ ಲಾಂಛನ ಬಳಸುವಂತಿಲ್ಲ. ತನ್ನ ಸರಕನ್ನು ನಾಸಾ ಮೆಚ್ಚಿದೆ ಎಂಬ ಭಾವನೆ ಹುಟ್ಟಿಸುವಂತಿಲ್ಲ. ಗುರುತು ಸಿಗುವ ವ್ಯಕ್ತಿಯ ಮುಖವನ್ನು ಜಾಹೀರಾತಿಗೆ ಹಚ್ಚುವ ಮುನ್ನ ಆ ವ್ಯಕ್ತಿಯ ಒಪ್ಪಿಗೆ ಬೇಕು.

ಬೆಲೆ ಇದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಭೂಮಿಯ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಕಥೆಯೇ ಸಾಕು. ಮೊದಲ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ. 1984ರ ಕಾನೂನು ಅದರ ಚಿತ್ರಗಳ ಮಾರಾಟವನ್ನು ಖಾಸಗಿಯವರಿಗೆ ಒಪ್ಪಿಸಲು ದಾರಿ ಮಾಡಿತು. ಒಂದು ಚಿತ್ರದ ಬೆಲೆ 4,000 ಡಾಲರ್ ಮೀರಿತು. 1992ರಲ್ಲಿ ನೀತಿ ಬದಲಾಗಿ ಉಪಗ್ರಹ ಯೋಜನೆ ಮತ್ತೆ ಸರ್ಕಾರದ ಕೈಗೆ ಬಂತು. 2008ರಲ್ಲಿ ಇಡೀ ಸಂಗ್ರಹ ಉಚಿತವಾಯಿತು. ಮಾರಾಟದ ಕಾಲದಲ್ಲಿ, ಅತ್ಯುತ್ತಮ ವರ್ಷವೆಂದರೂ ಹೊರಹೋಗುತ್ತಿದ್ದುದು ಸುಮಾರು 25,000 ಚಿತ್ರ. ಮುಕ್ತವಾದ ಸ್ವಲ್ಪ ಕಾಲದಲ್ಲೇ ವರ್ಷಕ್ಕೆ ಹತ್ತು ಲಕ್ಷ ದಾಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆಂಗಳೂರಿನ ಕೆರೆಗಳೂ ಹಸಿರು ಹೊದಿಕೆಯೂ 1973ರಿಂದೀಚೆಗೆ ಎಷ್ಟು ಕುಗ್ಗಿವೆ ಎಂದು ಅಳೆದಾಗ ಆಧಾರವಾದವುಗಳಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳೂ ಇದ್ದವು. ಬೇರೊಂದು ದೇಶದ ತೆರಿಗೆ ಹಣದಲ್ಲಿ ತೆಗೆದ ಚಿತ್ರ ನಮ್ಮ ಕೆರೆಯ ಒತ್ತುವರಿಗೆ ಸಾಕ್ಷಿ ನುಡಿಯಿತು. ಸಾರ್ವಜನಿಕ ಸ್ವತ್ತಿನ ಫಲ ಯಾವ ಹೊಲಕ್ಕೆ ಹರಿಯುವುದೆಂದು ಬಿತ್ತಿದವನಿಗೆ ಮುಂಚೆ ತಿಳಿದಿರುವುದಿಲ್ಲ.

ಹುಡುಕುವ ಶಿಸ್ತು

ಇನ್ನು ಹುಡುಕುವ ಕ್ರಮಕ್ಕೆ ಬರೋಣ. ಇದನ್ನು ನಾನು ತಂತ್ರವೆಂದು ಕರೆಯದೆ ಶಿಸ್ತೆಂದು ಕರೆಯುತ್ತೇನೆ.

ಮೊದಲ ನಿಯಮ, ಮೂಲಕ್ಕೆ ಹೋಗುವುದು. ಸಾಮಾನ್ಯ ಹುಡುಕುತಾಣದಲ್ಲಿ ಕಂಡ ಪ್ರತಿ ಎಷ್ಟನೆಯ ಕೈಯಿಂದ ಬಂದದ್ದೆಂದು ಹೇಳಲಾಗದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ರಾಷ್ಟ್ರೀಯ ಪತ್ರಾಗಾರ, ನಾಸಾ, ಭೂವಿಜ್ಞಾನ ಸರ್ವೇಕ್ಷಣೆ ಇವುಗಳಿಗೆ ತಮ್ಮದೇ ಸೂಚಿಗಳಿವೆ. ಅಲ್ಲಿಂದಲೇ ಇಳಿಸಿಕೊಂಡರೆ ಗುಣಮಟ್ಟವೂ ಸಿಗುತ್ತದೆ, ಚರಿತ್ರೆಯೂ ಸಿಗುತ್ತದೆ. ಅಚ್ಚಿಗೆ ಬೇಕಾದ ದೊಡ್ಡ ಟಿಫ್ ಕಡತ ಅಲ್ಲಿದ್ದಾಗ, ಹತ್ತು ಬಾರಿ ಕುಗ್ಗಿದ ಮಸುಕು ಪ್ರತಿಯನ್ನು ಪುಸ್ತಕಕ್ಕೆ ಹಾಕುವುದೇಕೆ?

ಎರಡನೆಯದು, ಚಿತ್ರ ದಾಖಲಾದ ಕಾಲದ ಭಾಷೆಯಲ್ಲಿ ಹುಡುಕುವುದು. ಪತ್ರಾಗಾರದ ಸೂಚಿ ಇಂದಿನ ಹೆಸರುಗಳನ್ನು ಅರಿಯದು. ಮೈಸೂರಿನ ಚಿತ್ರ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ 'ಮೈಸೋರ್' ಎಂದಿರುತ್ತದೆ. ವಿಜಯಪುರ 'ಬೀಜಾಪೂರ್' ಆಗಿರುತ್ತದೆ. ಇಂದು ನಾವು ಬಳಸಲೊಪ್ಪದ ಜಾತಿ, ಜನಾಂಗಸೂಚಕ ಪದಗಳೂ ಅಲ್ಲಿವೆ. ಹುಡುಕಲು ಅವು ಬೇಕು. ಪ್ರಕಟಿಸುವಾಗ ಅವನ್ನೇ ಹೇರಬೇಕಿಲ್ಲ.

ಮೂರನೆಯದು, ಹಕ್ಕಿನ ಸಾಲನ್ನು ನಿಧಾನವಾಗಿ ಓದುವುದು. ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆಗಳಲ್ಲಿ 'ಪ್ರಕಟಣೆಗೆ ತಿಳಿದಿರುವ ನಿರ್ಬಂಧಗಳಿಲ್ಲ' ಎಂಬರ್ಥದ ಮಾತು ಬರುತ್ತದೆ. 'ತಿಳಿದಿರುವ' ಎಂಬ ಪದ ಅಲ್ಲಿ ಸುಮ್ಮನೆ ಬಂದದ್ದಲ್ಲ. ನಮ್ಮ ಅರಿವಿನ ಮಟ್ಟಿಗೆ ಅಡ್ಡಿಯಿಲ್ಲ, ಅಂತಿಮ ಹೊಣೆ ನಿಮ್ಮದು ಎಂದು ಗ್ರಂಥಪಾಲಕರು ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ. 2008ರಲ್ಲಿ ಇದೇ ಸಂಸ್ಥೆಯೊಡನೆ ಶುರುವಾದ, ಚಿತ್ರಸಂಗ್ರಹಗಳ ಜಾಲತಾಣ ಫ್ಲಿಕರ್ ಕಾಮನ್ಸ್ ಕೂಡ ಇಂಥದೇ ಎಚ್ಚರದ ಮಾತನ್ನು ಬಳಸಿತು.

ನಾಲ್ಕನೆಯದು, ಪಾಠಾಂತರ ನೋಡುವುದು. ಹಸ್ತಪ್ರತಿಗಳ ಸಂಪಾದನೆಯಲ್ಲಿ ಕನ್ನಡ ವಿದ್ವಾಂಸರು ಮಾಡುತ್ತ ಬಂದದ್ದು ಚಿತ್ರಕ್ಕೂ ಬೇಕು. 'ವಲಸೆ ತಾಯಿ'ಯ ಮೂಲ ನೆಗೆಟಿವ್‌ನ ಮೂಲೆಯಲ್ಲಿ ಒಂದು ಹೆಬ್ಬೆರಳು ಕಾಣುತ್ತಿತ್ತು. ಕೆಲವು ವರ್ಷಗಳ ಬಳಿಕ ಅದನ್ನು ತಿದ್ದಿ ಮರೆಮಾಡಲಾಯಿತು. ನಾವು ಅಚ್ಚು ಹಾಕುತ್ತಿರುವುದು ತಿದ್ದಿದ ಪ್ರತಿಯೋ ತಿದ್ದದ್ದೋ ಎಂದು ಅರಿತಿರಬೇಕು.

ಐದನೆಯದು, ಅಂಕಿತವನ್ನು ಬರೆದಿಟ್ಟುಕೊಳ್ಳುವುದು. ಪ್ರತಿ ಚಿತ್ರಕ್ಕೂ ಸಂಗ್ರಹದ ಸಂಖ್ಯೆಯೊಂದಿದೆ. ಆ ತಾಯಿಯ ಚಿತ್ರದ್ದು ಎಲ್‌ಸಿ-ಡಿಐಜಿ-ಎಫ್‌ಎಸ್‌ಎ-8ಬಿ29516. ಛಾಯಾಗ್ರಾಹಕರ ಹೆಸರು, ಸ್ಥಳ, ಕಾಲ, ಸಂಗ್ರಹ, ಈ ಸಂಖ್ಯೆ ಇಷ್ಟಿದ್ದರೆ ಐವತ್ತು ವರ್ಷಗಳ ಮೇಲೆ ಬರುವ ಓದುಗನೂ ಮೂಲವನ್ನು ಮುಟ್ಟಬಲ್ಲ.

ಮೂಲಕ್ಕೆ ಹೋಗದವರಿಗೆ ಕಾದಿರುವ ತೊಂದರೆಯೊಂದನ್ನು ಇಲ್ಲೇ ಹೇಳಬೇಕು. ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ತಮ್ಮ ಸಾವಿರಾರು ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಮೂಲಕ ಜನರಿಗೆ ಬಿಟ್ಟುಕೊಟ್ಟವರು. ಅವರದೇ ಚಿತ್ರವನ್ನು ಅವರದೇ ಜಾಲತಾಣದಲ್ಲಿ ಬಳಸಿದ್ದಕ್ಕೆ 120 ಡಾಲರ್ ಕೊಡಿ ಎಂದು ಅವರಿಗೇ ಪತ್ರ ಬಂತು. ಚಿತ್ರ ಮಾರುವ ಸಂಸ್ಥೆಗಳು ಆ ಚಿತ್ರಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದವು. 2016ರಲ್ಲಿ ಅವರು ದಾವೆ ಹೂಡಿದರು. ಹಕ್ಕು ಬಿಟ್ಟುಕೊಟ್ಟ ಮೇಲೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ಪರಿಹಾರ ಕೇಳಲಾಗದೆಂದು ಆ ಭಾಗ ವಜಾ ಆಯಿತು. ಸಾರ್ವಜನಿಕ ಸ್ವತ್ತನ್ನು ಮಾರುವುದನ್ನು ಕಾನೂನು ತಡೆಯದು. ಮೂಲದಿಂದ ಉಚಿತವಾಗಿ ಪಡೆಯುವುದನ್ನೂ ಯಾರೂ ತಡೆಯಲಾರರು. ಮೂಲದ ದಾಖಲೆ ಕೈಯಲ್ಲಿದ್ದವನು ಇಂಥ ಪತ್ರಕ್ಕೆ ಅಂಜಬೇಕಿಲ್ಲ.

ನಮ್ಮ ನೆಲದಲ್ಲಿ

ಭಾರತದ ನಿಲುವು ಅಮೆರಿಕದ್ದಲ್ಲ. ಇದನ್ನು ಮರೆತು ಸರ್ಕಾರಿ ಚಿತ್ರವೆಲ್ಲ ಉಚಿತವೆಂದು ನಂಬುವವರು ನಮ್ಮಲ್ಲಿ ಬಹಳ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸರ್ಕಾರದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸರ್ಕಾರವೇ ಮೊದಲ ಒಡೆಯ. 28ನೇ ಕಲಮಿನಂತೆ ಆ ಹಕ್ಕು ಮೊದಲು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಬಾಳುತ್ತದೆ. 1960ರಲ್ಲಿ ಪ್ರಕಟವಾದ ಸರ್ಕಾರಿ ಚಿತ್ರ 2020ರ ಕೊನೆಯವರೆಗೆ ಸರ್ಕಾರದ್ದು, 2021ರ ಜನವರಿ 1ರಿಂದ ಜನರದ್ದು. ಲೆಕ್ಕ ಸುಲಭ, ಆದರೆ ಪ್ರಕಟವಾದ ವರ್ಷ ತಿಳಿದಿರಬೇಕು. ರಾಜಪತ್ರ, ಶಾಸನಸಭೆಯ ಮುಂದೆ ಮಂಡಿಸಿದ ಸಮಿತಿಗಳ ವರದಿ, ನ್ಯಾಯಾಲಯದ ತೀರ್ಪು ಇಂಥವುಗಳ ಮರುಮುದ್ರಣಕ್ಕೆ 52ನೇ ಕಲಮು ಅವಕಾಶ ಕೊಟ್ಟಿದೆ. ಛಾಯಾಚಿತ್ರಗಳಿಗೆ ಅಂಥ ಸಾಮಾನ್ಯ ವಿನಾಯಿತಿ ಇಲ್ಲ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ ತಂದಿತು. 2017ರಲ್ಲಿ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿಯನ್ನು ಪ್ರಕಟಿಸಿತು. ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದೆಂಬ ನಿಲುವು ಅದರದು. ಅನೇಕ ಸರ್ಕಾರಿ ಜಾಲತಾಣಗಳ ಹಕ್ಕುಸ್ವಾಮ್ಯ ಪುಟದಲ್ಲಿ, ವಿಷಯವನ್ನು ತಪ್ಪಿಲ್ಲದೆ, ಅವಹೇಳನಕ್ಕೆ ಎಡೆಯಿಲ್ಲದೆ, ಮೂಲವನ್ನು ಎದ್ದು ಕಾಣುವಂತೆ ಹೇಳಿ ಉಚಿತವಾಗಿ ಮರುಮುದ್ರಿಸಬಹುದೆಂಬ ಮಾತಿರುತ್ತದೆ. ಮೊದಲೇ ಅನುಮತಿ ಪಡೆಯಿರಿ ಎನ್ನುವ ತಾಣಗಳೂ ಇವೆ. ಇವು ಸಾರ್ವಜನಿಕ ಸ್ವತ್ತಲ್ಲ, ಷರತ್ತಿನ ಅನುಮತಿ. ಆದ್ದರಿಂದ ಆ ಪುಟವನ್ನು ಓದದೆ ಚಿತ್ರ ಎತ್ತಬಾರದು. ಓದಿದ ದಿನದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳುವುದು ಜಾಣತನ.

ಆದರೆ ಕಾಲವೇ ಬಿಡುಗಡೆ ಮಾಡಿರುವ ದೊಡ್ಡ ನಿಧಿಯೊಂದು ಕರ್ನಾಟಕಕ್ಕಿದೆ. ಸ್ಮಾರಕಗಳ ದಾಖಲೆಗೆ ಕೈಚಿತ್ರಕ್ಕಿಂತ ಛಾಯಾಚಿತ್ರವೇ ನಿಖರ, ಖರ್ಚೂ ಕಡಿಮೆ ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮನಗಂಡ ಕಾಲದಲ್ಲಿ ಆ ನಿಧಿ ರೂಪುಗೊಳ್ಳತೊಡಗಿತು. 1855ರಲ್ಲಿ ಬೊಂಬಾಯಿ ಸರ್ಕಾರ ತೋಪುಪಡೆಯ ಅಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಈ ಕೆಲಸಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಅವರು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. ಬಳಿಕ ಬಂದ ವೈದ್ಯಾಧಿಕಾರಿ ವಿಲಿಯಂ ಪಿಗೌ ಧಾರವಾಡ, ಮೈಸೂರು ಸೀಮೆಗಳ ದೇಗುಲಗಳತ್ತ ಕ್ಯಾಮೆರಾ ತಿರುಗಿಸಿದರು. 1866ರಲ್ಲಿ ಇವರ ಮತ್ತು ಇತರರ ಚಿತ್ರಗಳಿಂದ ಬಿಜಾಪುರದ ವಾಸ್ತು ಹಾಗೂ ಧಾರವಾಡ-ಮೈಸೂರುಗಳ ವಾಸ್ತು ಕುರಿತ ಎರಡು ಸಂಪುಟಗಳು ಹೊರಬಂದವು. ಅವಕ್ಕೆ ಬರಹ ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಹಂಪಿಯನ್ನು 1856ರ ಸುಮಾರಿಗೆ ಸೆರೆಹಿಡಿದ ಅಲೆಕ್ಸಾಂಡರ್ ಗ್ರೀನ್‌ಲಾ ಸೇನಾಧಿಕಾರಿಯಾದರೂ ಅದು ಅವರ ಹವ್ಯಾಸದ ಫಲ. ಅಧಿಕಾರಿ ತೆಗೆದದ್ದೆಲ್ಲ ಸರ್ಕಾರಿ ಚಿತ್ರವಲ್ಲ ಎಂಬ ಮಾತಿಗೆ ನಮ್ಮದೇ ನಿದರ್ಶನ.

1885ರಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯನ್ನು ಇದರ ಜೊತೆಗೆ ನೆನೆಯಬೇಕು. ಬಿ. ಎಲ್. ರೈಸ್, ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಅವರ ಕಾಲದ ಅಲ್ಲಿನ ವಿದ್ವತ್ತು ಶಾಸನಗಳಿಗಷ್ಟೇ ಮೀಸಲಾಗಿರಲಿಲ್ಲ. ಇಲಾಖೆಯ ವಾರ್ಷಿಕ ವರದಿಗಳಲ್ಲಿ ದೇವಾಲಯ, ವಿಗ್ರಹ, ತಾಮ್ರಪಟಗಳ ಚಿತ್ರಫಲಕಗಳಿವೆ. ಏಕೀಕರಣಕ್ಕೆ ಮುಂಚೆ ಪ್ರಕಟವಾದ ಆ ವರದಿಗಳೆಲ್ಲ 60 ವರ್ಷದ ಗೆರೆ ದಾಟಿವೆ. ನಮ್ಮ ಸಂಸ್ಥಾನದ ಜನರ ಕಂದಾಯದಲ್ಲಿ, ನಮ್ಮ ವಿದ್ವಾಂಸರ ಬೆವರಿನಲ್ಲಿ ಆದ ಚಿತ್ರಗಳವು. ಇಂದು ಕನ್ನಡ ಪುಸ್ತಕವೊಂದು ಸೋಮನಾಥಪುರದ ಚಿತ್ರಕ್ಕಾಗಿ 'ಅಂತರ್ಜಾಲ'ಕ್ಕೆ ಕೃತಜ್ಞತೆ ಹೇಳುವಾಗ, ಗ್ರಂಥಾಲಯದ ಕಪಾಟಿನಲ್ಲಿ ಆ ವರದಿ ದೂಳು ತಿನ್ನುತ್ತಿರುತ್ತದೆ. ಇದು ಕಾನೂನಿನ ಕೊರತೆಯಲ್ಲ, ನಮ್ಮ ಅಕ್ಕರೆಯ ಕೊರತೆ.

ಬೆಲೆಯಿಲ್ಲ, ಹೊಣೆಯುಂಟು

ಬಳಸುವವನ ಹೊಣೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಾರ್ವಜನಿಕ ಸ್ವತ್ತಾದ ಚಿತ್ರಕ್ಕೆ ಹೆಸರು ಹೇಳಬೇಕೆಂದು ಕಾನೂನು ಒತ್ತಾಯಿಸದಿರಬಹುದು, ಆದರೂ ಹೇಳಬೇಕು. ಅದು ಕೃತಜ್ಞತೆ ಮಾತ್ರವಲ್ಲ, ಆಧಾರ ಕೊಡುವ ವಿದ್ವತ್ತಿನ ಮರ್ಯಾದೆ. ಒಂದು ಊರಿನ ಬರದ ಚಿತ್ರವನ್ನು ಇನ್ನೊಂದು ಊರಿನ ಬರಕ್ಕೆ, ಒಂದು ಕಾಲದ ಗಲಭೆಯ ಚಿತ್ರವನ್ನು ಇನ್ನೊಂದು ಕಾಲದ ಗಲಭೆಗೆ ಹಚ್ಚುವುದು ಸುಳ್ಳು. ಹಕ್ಕು ಮುಕ್ತವಾಗಿದೆ ಎಂಬುದು ಆ ಸುಳ್ಳಿಗೆ ರಕ್ಷೆಯಲ್ಲ. ಕತ್ತರಿಸಿದ್ದರೆ, ಬಣ್ಣ ತುಂಬಿದ್ದರೆ, ಯಂತ್ರದಿಂದ ತಿದ್ದಿದ್ದರೆ ಅಡಿಬರಹದಲ್ಲಿ ಹಾಗೆಂದು ತಿಳಿಸಬೇಕು. ನಮ್ಮ ಕಾಯಿದೆಯ 57ನೇ ಕಲಮು ಕೃತಿಕಾರನ ಗೌರವವನ್ನು ಹಕ್ಕುಸ್ವಾಮ್ಯದಿಂದ ಬೇರೆಯಾಗಿಯೇ ಕಾಯುತ್ತದೆ ಎಂಬುದೂ ನೆನಪಿರಲಿ. ಬಡವರ, ಮಕ್ಕಳ, ರೋಗಿಗಳ, ಬುಡಕಟ್ಟು ಜನರ ಚಿತ್ರ ಬಳಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಪುಟವನ್ನು ಅವರ ಮನೆಯವರ ಕೈಗೆ ಕೊಟ್ಟು ಎದುರಿಗೆ ನಿಲ್ಲಬಲ್ಲೆವೇ? ನಿಲ್ಲಲಾರೆವಾದರೆ ಆ ಚಿತ್ರ ಬೇಡ.

ಸರ್ಕಾರದ ಹೊಣೆಯೂ ಇದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಗೆ ಒಳಪಡಿಸಿತು. ಕನ್ನಡ ವಿಕಿಪೀಡಿಯದಂಥ ಸಮುದಾಯದ ಕೆಲಸಕ್ಕೆ ಅದರಿಂದ ಬಲ ಬಂತು. ಬರಹಕ್ಕೆ ಸಾಧ್ಯವಾದದ್ದು ಚಿತ್ರಕ್ಕೆ ಅಸಾಧ್ಯವಲ್ಲ. ವಾರ್ತೆ, ಅರಣ್ಯ, ಪುರಾತತ್ತ್ವ, ನೀರಾವರಿ ಇಲಾಖೆಗಳ ಕಪಾಟುಗಳಲ್ಲಿರುವ ಹಳೆಯ ಚಿತ್ರಗಳನ್ನು ಎಣಿಸಿ, ಹೆಸರು-ಸ್ಥಳ-ಕಾಲ ಬರೆದು, ಸ್ಪಷ್ಟವಾದ ಹಕ್ಕಿನ ಸಾಲೊಂದನ್ನು ಸೇರಿಸಿ ತೆರೆದಿಡುವುದು ದೊಡ್ಡ ವೆಚ್ಚದ ಮಾತಲ್ಲ. ಆ ಚಿತ್ರಗಳಲ್ಲಿರುವ ಊರುಗಳನ್ನೂ ಮುಖಗಳನ್ನೂ ಗುರುತು ಹಿಡಿಯಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಆ ಕೆಲಸ ಆಗಬೇಕು. ಹೆಸರಿಲ್ಲದೆ ಉಳಿದ ತಾಯಿಯ ಕಥೆ ನಮ್ಮಲ್ಲೂ ಮರುಕಳಿಸಬಾರದು.

ಮಾನ್ಯರೇ, ಇಲ್ಲಿರುವ ಲೇಖಕರಲ್ಲಿ, ಅಧ್ಯಾಪಕರಲ್ಲಿ, ಪ್ರಕಾಶಕರಲ್ಲಿ, ಪಠ್ಯಪುಸ್ತಕ ರಚಿಸುವವರಲ್ಲಿ ನನ್ನ ವಿನಂತಿ ಒಂದೇ. ನಿಮ್ಮ ಮುಂದಿನ ಪುಸ್ತಕದಲ್ಲಿ 'ಚಿತ್ರಕೃಪೆ: ಅಂತರ್ಜಾಲ' ಎಂಬ ಸಾಲು ಇರದಿರಲಿ. ಆ ಜಾಗದಲ್ಲಿ ತೆಗೆದವರ ಹೆಸರು, ಸ್ಥಳ, ವರ್ಷ, ಸಂಗ್ರಹ ಮತ್ತು ಅದರ ಸಂಖ್ಯೆ ಇರಲಿ. ಅದಕ್ಕೆ ಬೇಕಾಗುವುದು ಒಂದು ಸಾಲಿನ ಜಾಗ, ಅರ್ಧ ಗಂಟೆಯ ಶ್ರಮ. ಆ ಸಾಲನ್ನು ಹಿಡಿದು ಮುಂದಿನ ಓದುಗ ಮೂಲಕ್ಕೆ ಹೋಗುತ್ತಾನೆ.